ಬೀಜಕ್ಕೆ ಬಿಟ್ಟ ಹೀರೇಕಾಯಿ

ಕಸ್ತೂರಿ,

ಬೆಳಕು ಹರಿಯುವ ಮೊದಲೇ ಜೋಳದ ಚೀಲ ಹೇರಿಕೊಂಡು ಅಫಜಲಪುರಕ್ಕೆ ಹೋಗುತ್ತೇನೆ. ರೊಟ್ಟಿ ಬುಟ್ಟಿಯಲ್ಲಿದೆ. ಎಮ್ಮೆಗೆ ನೀರು ಕುಡಿಸು. ರಜಾಕಾರರ ಗದ್ದಲ ಅದ, ಕತ್ತಲಾದ ಮೇಲೆ ಯಾರು ಕೂಗಿದರೂ ಬಾಗಿಲು ತೆಗೆಯಬೇಡ.

ಹಿತ್ತಲು ಹಸನು ಮಾಡಲು ಹೋಗಿ ನೀನು ಒಣಗಿದ ಹೀರೇಬಳ್ಳಿಗೆ ಕುಡುಗೋಲು ಎತ್ತಿದಾಗ ನಾನು ಕೂಗಾಡಿದೆ. ಸಿಟ್ಟು ನಿನ್ನ ಮ್ಯಾಲಲ್ಲ ಯವ್ವಾ. ಬೀಜಕ್ಕೆ ಬಿಟ್ಟ ಆ ಕಾಯಿಯನ್ನು ಯಾರೂ ಹರಿಯಬಾರದೆಂದು ನಿಮ್ಮವ್ವ ತನ್ನ ಹಸಿರು ಸೀರೆಯ ಚಿಂದಿ ಕಟ್ಟಿದ್ದಳು. ದೀಪಾವಳಿ ಬರುವಷ್ಟರಲ್ಲಿ ಅವಳೇ ಹೋದಳು.

ಎದ್ದ ಕೂಡಲೇ ಹಿತ್ತಲಿಗೆ ಹೋಗಿ ನೋಡು. ಒಣ ಬಳ್ಳಿಯ ತುಂಬ ಇಬ್ಬನಿ ಹೊಳೆಯುತ್ತಿರುತ್ತದೆ. ಗಾಳಿ ಬಂದರೆ ಕಾಯೊಳಗೆ ಬೀಜ ಗಿಲಗಿಲ ಅಂತಾವ. ಇಷ್ಟು ವರ್ಷ ನಾನು ನೋಡೇ ಇರಲಿಲ್ಲ.

ಬೀಜ ಬೇಕಾದರೆ ಕಾಯಿಯ ತುದಿ ಮುರಿದು ಉದುರಿಸಿಕೋ. ಚಿಂದಿ ಮಾತ್ರ ಬಿಚ್ಚಬೇಡ. ಆ ಗಂಟು ಅವಳ ಕೈಯದು.

— ಅಪ್ಪ