ಕೈಗೆ ಸಿಕ್ಕಿದ್ದು

ಏಪ್ರಿಲ್ 3, ಗುರುವಾರ

ಇವತ್ತೂ ತಪಾಸಣೆ ಪಾಠ. ಚಹಾಕ್ಕೆ ಮೊದಲು ಕೋಮಲ ಬಂದಿ, ನಾನು ವಾರ್ಡರ್. ಚಹಾ ಆದ ಮೇಲೆ ಅದಲುಬದಲು. ಕೋಮಲ ತೆಲಸಂಗದವಳು, ಖೋಲಿಯಲ್ಲೂ ನನ್ನ ಜೊತೆಗೇ. ಮಹಾ ಕಚಗುಳಿ ಅವಳಿಗೆ. ಮುಟ್ಟುವ ಮೊದಲೇ ಕುಣಿಯುತ್ತಾಳೆ. ಇಂಥ ಬಂದಿ ಸಿಕ್ಕರೆ ಮುಗಿಯಿತು ನನ್ನ ನೌಕರಿ.

ಹೆಡ್ ವಾರ್ಡರ್ ಸುಂದರಾ ಮೇಡಂ ಇಬ್ಬರನ್ನೂ ಬೈದರು. "ಎಮ್ಮಿ ಮೈ ತಟ್ಟಿದಂಗ ತಟ್ಟಬ್ಯಾಡ್ರಿ ಬೇ! ಒತ್ತಿ ಜಾರಸ್ರಿ. ಬಾಯಿ ಸುಳ್ಳ ಹೇಳತೈತಿ, ಮೈ ಹೇಳೂದಿಲ್ಲ. ಎಲ್ಲಿ ಮುಚ್ಚಿಟ್ಟಿರತಾರ, ಆ ಕಡೆ ಮೊಣಕೈ ತಾನ ಬಂದು ಬಿಗೀತೈತಿ."

ಜೈಲಿನ ಈ ಪ್ರಾಕ್ಟಿಕಲ್ ಮುಗಿದರೆ ವಾಪಸ್ ಟ್ರೇನಿಂಗ್ ಶಾಲೆ, ಪರೀಕ್ಷೆ, ಪರೇಡ್. ಮಧ್ಯೆ ರಜೆ ಹೆಚ್ಚಾದರೆ ಮುಂದಿನ ಬ್ಯಾಚಿಗೆ ತಳ್ಳುತ್ತಾರಂತೆ. ಮುಂದಿನ ಬ್ಯಾಚ್ ಯಾವಾಗ... ಯಾರಿಗೂ ಗೊತ್ತಿಲ್ಲ. ನೆಗಡಿ ಬಂದರೂ ಯಾರಿಗೂ ಹೇಳಬಾರದು ಎಂದು ಕೋಮಲ, ನಾನು ಮಾತಾಡಿಕೊಂಡಿದ್ದೇವೆ.

ಏಪ್ರಿಲ್ 9, ಬುಧವಾರ

ಸಿಕ್ಕಿತು! ಶಿವಗಂಗವ್ವ ಎಂಬ ಮುದುಕಿ. ನಿಪ್ಪಾಣಿ ಕಡೆಯವಳು, ಹೊಲದ ಜಗಳದಲ್ಲಿ ಒಳಗೆ ಬಂದವಳು. ಭೇಟಿಗೆ ಬಂದ ಮಗನ ಜೊತೆ ಮುಲಾಖತ್ ಮುಗಿಸಿ ಬರುವಾಗ ಅವಳ ತುರುಬಿನಲ್ಲಿ ಮಿಶ್ರಿಯ ಪುಡಿಕೆ. ಹುರಿದ ತಂಬಾಕಿನ ಪುಡಿ. ಹಲ್ಲೇ ಇಲ್ಲ, ಹಚ್ಚಿಕೊಳ್ಳುವುದು ಎಲ್ಲಿಗೆ?

"ಯಾರಿಗೂ ಹೇಳಬ್ಯಾಡ ಯವ್ವಾ. ಇದು ಇಲ್ದಿದ್ರ ತಲಿ ಸಿಡೀತೈತಿ" ಎಂದು ಕೈ ಹಿಡಿದಳು. ಹೇಳಿದೆ. ನಿಯಮ ನಿಯಮವೇ. ಮುಂದಿನ ಎರಡು ಮುಲಾಖತ್ ಕಟ್. ಮೇಡಂ ಎಲ್ಲರೆದುರು ಬೆನ್ನು ತಟ್ಟಿದರು: "ನೀಲಮನ ಕೈ ನೋಡಿ ಕಲೀರಿ." ಕೋಮಲಳಿಗೆ ಹೊಟ್ಟೆಯುರಿ. ನನಗೆ ಸೊಕ್ಕು, ಸುಳ್ಳು ಯಾಕೆ ಹೇಳಲಿ.

ಮುದುಕಿ ಸಂಜೆಯವರೆಗೂ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು.

ಏಪ್ರಿಲ್ 14, ಸೋಮವಾರ. ಜುಗೂಳ

ಜಯಂತಿ ಹಬ್ಬಕ್ಕೆ ಒಂದು ದಿನ ರಜೆ, ಊರಿಗೆ ಬಂದೆ. ಅವ್ವ ಬಿಳಿ ಸೀರೆ ಉಟ್ಟು ತಯಾರಾಗಿದ್ದಳು. ಅಪ್ಪ ನೀರು ಬಿಡಲು ಹೋಗಿದ್ದ. ಪಂಚಾಯ್ತಿ ವಾಟರ್‌ಮನ್‌ಗೆ ಯಾವ ಹಬ್ಬ?

"ಏನೇನ ಕಲಸ್ತಾರ ನಿಮಗ ಅಲ್ಲಿ?" ಎಂದಳು ಅವ್ವ.

"ಬಾ, ತೋರಸ್ತೇನಿ. ಕೈ ಮ್ಯಾಲ ಮಾಡು. ಸೀತವ್ವ ಜ್ಞಾನದೇವ, ಕಬ್ಬಿನ ಹೊಲದಾಗ ಏನ ಕದ್ದಿ? ಖರೇ ಹೇಳು."

ನಗುತ್ತ ನಿಂತಳು. ನಾನೂ ಗತ್ತಿನಿಂದ ಶುರುಮಾಡಿದೆ—ತುರುಬು, ಕುತ್ತಿಗೆ, ಭುಜ. ಎಡ ಕಂಕುಳಿಗೆ ಬಂದೆ. ಮೊಣಕೈ ಬಿಗಿಯಿತು. ಅವ್ವ ಇನ್ನೂ ನಗುತ್ತಲೇ ಇದ್ದಳು. ನನ್ನ ಕೈ ನಿಲ್ಲಲಿಲ್ಲ... ಗಂಟು. ಎದೆಯ ಪಕ್ಕದಲ್ಲಿ, ಕಲ್ಲಿನ ಹಾಗೆ ಗಟ್ಟಿ. ಕಂಕುಳಲ್ಲಿ ಇನ್ನೊಂದು, ಸಣ್ಣದು.

"ಅವ್ವಾ, ಏನಿದು?"

"ಏನಿಲ್ಲ. ಹಳೇ ಗಂಟು. ನೂಸೂದಿಲ್ಲ ಏನಿಲ್ಲ."

"ಅಪ್ಪಗ ಗೊತ್ತೈತೇನ?"

ಬಾಗಿಲು ಹಾಕಿ ಬಂದಳು. "ನಿಮ್ಮಪ್ಪಗ ಹೇಳಿದ್ರ ಅವಾ ಗಾಬರಿಯಾಗಿ ನಿನ್ನ ಕರಸ್ತಾನ. ನೀ ನನ್ನ ಹಿಂದ ದವಾಖಾನಿ ತಿರುಗತಿ. ನಿನ್ನ ಟ್ರೇನಿಂಗ್ ಹೋಗತೈತಿ. ಹೋಗಲಿ ಅಂತ ಕಬ್ಬ ಕಡದೇನ ನಾ? ನೀ ವರ್ದಿ ಹಾಕು, ಮರುದಿನಾನ ಮಿರಜಿಗೆ ಹೋಗೂಣು. ನನ್ನ ತಲಿ ಮ್ಯಾಲ ಕೈ ಇಟ್ಟು ಹೇಳು, ಯಾರಿಗೂ ಹೇಳೂದಿಲ್ಲ ಅಂತ."

ಇಟ್ಟೆ. ಹೇಳಿದೆ.

ನೋವಿಲ್ಲ ಎಂದರೆ ದೊಡ್ಡದೇನೂ ಇರಲಿಕ್ಕಿಲ್ಲ. ಪರೇಡ್ ಜೂನ್ ಕೊನೆಗೆ. ಎಷ್ಟೊತ್ತು, ಬಂದೇ ಬಿಡುತ್ತದೆ.

ಏಪ್ರಿಲ್ 22, ಮಂಗಳವಾರ

ಶಿವಗಂಗವ್ವನ ಮಗ ಬಂದು ಗೇಟಿನಿಂದಲೇ ವಾಪಸ್ ಹೋದ. ಮುಲಾಖತ್ ಕಟ್ ಮಾಡಿದ ಶಿಕ್ಷೆ ಮುಗಿದಿಲ್ಲ. ಅದನ್ನು ಅವಳಿಗೆ ತಿಳಿಸಲು ನನ್ನನ್ನೇ ಕಳಿಸಿದರು. ಅವಳ ಕಣ್ಣು ತಪ್ಪಿಸಿ ಹೇಳಿ ಬಂದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರೆ. ನಾನು ಇಲ್ಲಿ ಊರಿಗೂ ಉಪಕಾರಿಯಲ್ಲ.

ಮೇ 7, ಬುಧವಾರ

ಫೋನ್. "ಗಂಟು ಹ್ಯಾಂಗೈತಿ?"

"ಕರಗೇತಿ" ಎಂದಳು ಅವ್ವ. ತಡವಿಲ್ಲದೆ ಬಂತು ಉತ್ತರ. ಬಾಯಿಪಾಠ ಮಾಡಿಟ್ಟುಕೊಂಡ ಹಾಗೆ.

ಸುಳ್ಳು ಅಂತ ಗೊತ್ತಾಯಿತು. ಆದರೂ ಮನಸ್ಸು ಹಗುರ ಮಾಡಿಕೊಂಡೆ. ಪಕ್ಕದಲ್ಲೇ ಅಪ್ಪ ಕೆಮ್ಮುವುದು ಕೇಳುತ್ತಿತ್ತು. ಫೋನ್ ಅಪ್ಪನಿಗೆ ಕೊಡು ಅಂದಿದ್ದರೆ ಆಗುತ್ತಿತ್ತು. ಅನ್ನಲಿಲ್ಲ.

ಜೂನ್ 12, ಗುರುವಾರ. ಟ್ರೇನಿಂಗ್ ಶಾಲೆ

ಓಟ ಪಾಸು. ರೈಫಲ್ ಪಾಸು. ಇವತ್ತು ಮೌಖಿಕ.

ದಪ್ಪ ಕನ್ನಡಕದ ಸಾಹೇಬರು ಕೇಳಿದರು— ತಪಾಸಣೆಯಲ್ಲಿ ಏನಾದರೂ ಸಿಕ್ಕಿತು, ಬಂದಿ ಅಳುತ್ತಾಳೆ, ಆಣೆ ಹಾಕಿಸುತ್ತಾಳೆ, ಆಗ?

"ಕೂಡಲೇ ಮೇಲಿನವರಿಗೆ ಹೇಳಬೇಕು ಸರ್. ನಮ್ಮಿಬ್ಬರ ನಡುವೆ ಅಂತ ಇಟ್ಟುಕೊಳ್ಳಬಾರದು."

"ಯಾಕೆ?"

"ತಡ ಆದರೆ ಜೀವಕ್ಕೇ ಅಪಾಯ ಆಗಬಹುದು ಸರ್."

ಶಹಬ್ಬಾಸ್ ಅಂದರು. ಹೊರಗೆ ಬಂದು ನಳದ ಕೆಳಗೆ ಮುಖ ಹಿಡಿದೆ. ಕೋಮಲ, "ಯಾಕ ಅಳಾಕತ್ತಿ? ಛಲೋ ಹೇಳಿದ್ದಿಯಲ್ಲ?" ಅಂದಳು. ನೆಗಡಿ ಅಂದೆ.

ಜೂನ್ 28, ಶನಿವಾರ

ಪರೇಡ್ ಆಯಿತು. ವಾರ್ಡರ್ ನೀಲಮ ಜ್ಞಾನದೇವ. ಅಪ್ಪ ನನ್ನ ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಂಡ. ಸಿಕ್ಕಸಿಕ್ಕವರಿಗೆ, "ನಮ್ಮ ಮಗಳ್ರಿ" ಎಂದು ಹೇಳಿಕೊಂಡು ಓಡಾಡಿದ.

ಅವ್ವ ಕುರ್ಚಿ ಬಿಟ್ಟು ಏಳಲಿಲ್ಲ. ಕೂತಲ್ಲೇ ನನಗೆ ಹೂವಿನ ದಂಡೆ ಹಾಕುವಾಗ ಎಡಗೈ ಭುಜದ ಮೇಲೆ ಏರಲಿಲ್ಲ. ಒಂದೇ ಕೈಯಲ್ಲಿ ಹಾಕಿದಳು. ಗಲ್ಲದ ಎಲುಬು ಕಾಣುತ್ತಿದೆ. ಎಷ್ಟು ಇಳಿದುಹೋಗಿದ್ದಾಳೆ! ವರ್ದಿಯ ಖುಷಿ ಅಲ್ಲೇ ಸತ್ತಿತು.

"ನಾಳೆ ಮಿರಜ" ಎಂದೆ ಕಿವಿಯಲ್ಲಿ.

"ನಾಳೆ ಐತವಾರ ಬೇ. ದವಾಖಾನಿ ಬಂದ್" ಎಂದು ನಕ್ಕಳು.

ಜುಲೈ 4, ಶುಕ್ರವಾರ

ಮಿರಜ. ಸೋಮವಾರದಿಂದ ಟೆಸ್ಟ್ ಮೇಲೆ ಟೆಸ್ಟ್. ಇವತ್ತು ರಿಪೋರ್ಟ್.

ಡಾಕ್ಟರ್ ಮರಾಠಿಯವರು. "ಆಧೀ ಕಾ ನಾಹೀ ಆಣಲಂ?" ಎಂದು ಅಪ್ಪನ ಮೇಲೆ ರೇಗಿದರು—ಮೊದಲೇ ಯಾಕೆ ಕರೆತರಲಿಲ್ಲ ಅಂತ. ಲಿವರ್‌ಗೆ ಹೋಗಿದೆ. ಬೇಸಿಗೆಯಲ್ಲಿ ಬಂದಿದ್ದರೆ ಆಪರೇಷನ್ ಮಾಡಿ ನೋಡಬಹುದಿತ್ತೇನೋ ಅಂದರು. ಖಂಡಿತ ಎಂದು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ.

ಅಪ್ಪ ನನ್ನ ಕಡೆ ತಿರುಗಿದ. "ನಿಂಗೇನರ ಹೇಳಿದ್ಲೇನ ನೀಲೂ?"

ನಾನು ಬಾಯಿ ತೆರೆಯುವುದರೊಳಗೆ ಅವ್ವ ಅಂದಳು: "ಅಕೀಗೇನ ಗೊತ್ತು? ಕೂಸು ಊರಾಗ ಎಲ್ಲಿತ್ತು? ಯಾರಿಗೂ ಗೊತ್ತಾಗದಂಗ ನಾನ ಮುಚ್ಚಿಟ್ಟಿದ್ನಿ."

ಮೇಜಿನ ಕೆಳಗೆ ನನ್ನ ಬೆರಳು ಹಿಸುಕಿದಳು. ಗಟ್ಟಿಯಾಗಿ.

ಆಗಸ್ಟ್ 19, ಮಂಗಳವಾರ

ಹೊಳೆ ತುಂಬಿದೆ. ಡ್ಯೂಟಿ ಮುಗಿಸಿ ಕಾಗವಾಡದವರೆಗೆ ಬಂದರೂ ಊರಿಗೆ ದಾರಿ ಸುತ್ತು. ಅವ್ವ ಗಂಜಿ ಕುಡಿದು ಕಾರುತ್ತಾಳೆ. ಕೂದಲು ಹೋಗಿ ತಲೆಗೆ ಅಪ್ಪನ ಟವೆಲ್ ಸುತ್ತಿಕೊಂಡಿದ್ದಾಳೆ.

ಅಪ್ಪ ಹೊರಗೆ ಹೋದಾಗ ಹೇಳಿದೆ: "ಅಪ್ಪಗ ಖರೇ ಹೇಳಿಬಿಡ್ತೇನಿ ಅವ್ವಾ. ತಡಕೊಳ್ಳಾಕ ಆಗವಲ್ದು."

"ಹೇಳಿದ್ರ ಏನ ಬರತೈತಿ? ನಾ ಹ್ವಾದ ಮ್ಯಾಲ ನೀವಿಬ್ಬರ ಒಂದ ಮನ್ಯಾಗ ಇರಬೇಕು. ಅವಾ ನಿನ್ನ ಮಾರಿ ನೋಡಬೇಕೋ ಬ್ಯಾಡೋ?"

ಗಂಜಿಯ ಬಟ್ಟಲು ಎತ್ತಿಕೊಂಡು ಹೋಗಿ ತೊಳೆದಿಟ್ಟೆ.

ಅಕ್ಟೋಬರ್ 8, ಬುಧವಾರ

ಅವ್ವ ಹೋದಳು. ಬೆಳಿಗ್ಗೆ. ನಾನು ಡ್ಯೂಟಿಯಲ್ಲಿದ್ದೆ.

ಅಕ್ಟೋಬರ್ 16, ಗುರುವಾರ. ಜುಗೂಳ

ಬೌದ್ಧ ಭಿಕ್ಕು ಬಂತೇಜಿ ಬಂದು ವಂದನೆ ಹೇಳಿ ಹೋದರು. ಮಾತಾಡಿಸುವವರು ಇನ್ನೂ ಬರುತ್ತಲೇ ಇದ್ದಾರೆ. ಇವತ್ತು ಶಿರಗುಪ್ಪಿಯಿಂದ ಅಪ್ಪಾಸಾಬ ಕಾಕಾ. "ಮನ್ಯಾಗ ಒಬ್ಬರಿಗರ ತಿಳೀಲಿಲ್ಲಲ್ಲೋ ಜ್ಞಾನದೇವ" ಅಂದ.

ಅಪ್ಪ ಹೇಳಿದ: "ನಮ್ಮ ನೀಲೂಗ ಗೊತ್ತಾಗಿದ್ರ ಬಿಡ್ತಿದ್ಲೇನ? ನೌಕರಿಗೆ ಬೆಂಕಿ ಹಚ್ಚಿ, ಅವ್ವನ್ನ ಹೊತಗೊಂಡ ಮಿರಜಿಗೆ ಒಯ್ತಿದ್ಲು. ನಂದ ತಪ್ಪ. ಬಾಜೂಕ ಮಲಗಾಂವ ನಾ. ನನಗ ತಿಳೀಲಿಲ್ಲ."

ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಪ್ಪಾಸಾಬ ಕಾಕಾ ನನ್ನ ತಲೆ ಸವರಿದ. ಅವನು ಹೋದ ಮೇಲೆ ಹೇಳಲೆಂದು ಅಪ್ಪನ ಪಕ್ಕ ಕೂತೆ. ಅಪ್ಪ ನನ್ನ ಕೈ ತೆಗೆದುಕೊಂಡು ತನ್ನ ಹಣೆಗೆ ಒತ್ತಿಕೊಂಡ, ಅಷ್ಟೇ. ಹೇಳಲಾಗಲಿಲ್ಲ. ಒಳಗೆ ಬಂದೆ.

ಇನ್ನೂ ಅಲ್ಲೇ ಕೂತಿದ್ದಾನೆ. ನಂದ ತಪ್ಪ, ನಂದ ತಪ್ಪ ಅನ್ನುವುದು ಇಲ್ಲಿಗೆ ಕೇಳುತ್ತಿದೆ. ಮತ್ತೆ ಹೋಗುತ್ತೇನೆ. ಬಾಯಿ ಕೈಕೊಡಬಾರದು, ಹೇಳುವುದನ್ನು ಮೊದಲು ಇಲ್ಲಿ ಬರೆದುಕೊಂಡು ಹೋಗುತ್ತೇನೆ.

ಅಪ್ಪಾ, ನಿಂದೇನೂ ತಪ್ಪಿಲ್ಲ. ಅವ್ವನ ಗಂಟು ಜಯಂತಿ ದಿನಾನ ನನ್ನ ಕೈಗೆ ಸಿಕ್ಕಿತ್ತು.