ಅರಿಶಿನದ ಆಕಾಶ

ಕೋಲಾರದ ಹಾಸ್ಟೆಲ್
ಜನವರಿ ೧೯೮೩

ಪ್ರೀತಿಯ ಅಮ್ಮಾ,

ಪ್ರದರ್ಶನಕ್ಕೆಂದು ಮಾಡಿದ ನನ್ನ ಪುಟ್ಟ ವಿಮಾನ ತೂಗುಹಾಕಲು ಕಣ್ಣಿಗೆ ಕಾಣದಂಥ ರೇಷ್ಮೆ ಎಳೆ ಕೇಳಿದರೆ, ಶುಭವಾಗಲೆಂದು ಅರಿಶಿನ ಹಚ್ಚಿ ಕಳುಹಿಸಿದ್ದೀಯಲ್ಲ! ಹಿಂದಿನ ರಟ್ಟಿಗೆ ಬಳಿದಿದ್ದ ನೀಲಿ ಆಕಾಶದೆದುರು ಎಳೆ ಎದ್ದು ಕಾಣುತ್ತಿತ್ತು. ತೊಳೆಯಲು ಮನಸ್ಸಾಗದೆ ಆಕಾಶಕ್ಕೇ ಅರಿಶಿನ ಬಳಿದೆ. ನಾನು ಮಣ್ಣಿನಲ್ಲಿ ಮಾಡಿದ ಆವನಿ ಬೆಟ್ಟದ ಹಿಂದೆ ಸಂಜೆಯಾಯಿತು, ಎಳೆ ಮಾಯವಾಯಿತು.

ಮದುವೆ ಮಾತಿಗೆ ನನ್ನನ್ನು ಕರೆದೊಯ್ಯಲು ಬಂದ ಅಪ್ಪ, ಒಬ್ಬರೇ ಮರಳಿದರೆಂದು ಗಾಬರಿಯಾದೆಯಾ? ಕಾಲೇಜಿನ ಪ್ರದರ್ಶನದಲ್ಲಿ ಬಗ್ಗಿ ಬಗ್ಗಿ ನೋಡಿ, "ಇದು ಹೆಂಗೆ ನಿಂತೈತಮ್ಮ ಗಾಳೀಲಿ?" ಎಂದರು. ಆಮೇಲೆ ಬಂದವರಿಗೆಲ್ಲ, "ನಮ್ಮ ಹುಡುಗಿ ಮಾಡಿದ್ದು" ಎಂದು ತೋರಿಸಿದರು. ಬಸ್ಸು ಹತ್ತುವಾಗ, "ಓದು ಮುಗಿಸು. ಗಂಡಿನ ಕಡೇವ್ರಿಗೆ ನಾನು ಹೇಳ್ತೀನಿ" ಎಂದರು.

ಎಳೆಯ ಗುಟ್ಟು ಅಪ್ಪನಿಗೆ ಹೇಳಬೇಡ. ಇನ್ನಷ್ಟು ಕಳುಹಿಸು, ಅರಿಶಿನ ಹಚ್ಚಿಯೇ.

ನಿನ್ನ ಮಗಳು,
ಆದಿಲಕ್ಷ್ಮಿ