ಹದಿನಾಲ್ಕು ಹೆಸರುಗಳ ಸುತ್ತ ಕಪ್ಪು ಗೆರೆ

ಬಾವಿ ಓಣಿ, ಸುಝೌ
ಮಾರ್ಚ್ 3, 1999, ಲಾಂದ್ರದ ಹಬ್ಬದ ಮರುದಿನ

ಮುದ್ದಿನ ಮಗಳು ಸುವಾನ್‌ಗೆ,

ಹೇಗಿದ್ದೀಯ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯೋ, ಇಲ್ಲ ಬ್ರೆಡ್ಡು ಕಾಫಿಯಲ್ಲೇ ದಿನ ತಳ್ಳುತ್ತಿದ್ದೀಯೋ? ಹೊಸ ವರ್ಷಕ್ಕೆ ಫೋನ್ ಮಾಡಿದಾಗ ನಿನ್ನ ಗಂಟಲು ಕಟ್ಟಿತ್ತು. ಪೇರ್ ಹಣ್ಣಿಗೆ ಕಲ್ಲುಸಕ್ಕರೆ ಹಾಕಿ ಬೇಯಿಸಿ ಕುಡಿ ಎಂದರೆ "ಪುರುಸೊತ್ತಿಲ್ಲಮ್ಮಾ" ಎಂದೆ. ಮೂವತ್ತಾರು ವರ್ಷದ ಹೆಂಗಸಿಗೆ ಒಂದು ಹಣ್ಣು ಬೇಯಿಸಲು ಪುರುಸೊತ್ತಿಲ್ಲ, ಹದಿನಾಲ್ಕು ಕಲಾವಿದರನ್ನು ಸಮುದ್ರ ದಾಟಿಸಲು ಮಾತ್ರ ಬೇಕಾದಷ್ಟಿದೆ! ನನ್ನ ಮೊಣಕಾಲು ಹಾಗೇ ಇದೆ. ಹಲ್ಲು ಇನ್ನೊಂದು ಹೋಯಿತು. ನಿನ್ನೆ ಎಳ್ಳು ತುಂಬಿದ ಅಕ್ಕಿಯುಂಡೆ ಮಾಡಿದ್ದೆ, ನಿನ್ನ ಪಾಲಿನದನ್ನೂ ನಾನೇ ತಿಂದೆ. ಕೋಪ ಬಂದಾಗ ನನಗೆ ಹಸಿವು ಜಾಸ್ತಿ.

ಕೋಪ ಯಾಕೆ ಎನ್ನುತ್ತೀಯಾ? ನೀನು ಕಳಿಸಿದ ಪೆಟ್ಟಿಗೆ ಮೊನ್ನೆ ಬಂತು. ಕಲಾವಿದರಿಗೆಲ್ಲ ಹಂಚು ಎಂದು ಇಪ್ಪತ್ತು ಪ್ರದರ್ಶನದ ಪುಸ್ತಕ. ಎಂಥ ಕಾಗದ, ಎಂಥ ಬಣ್ಣ, ಪ್ರದರ್ಶನ ಏರ್ಪಡಿಸಿದವಳು ಎಂದು ಕೊನೆಯಲ್ಲಿ ನಿನ್ನ ಹೆಸರು! ಕೈ ತೊಳೆದು, ಒರೆಸಿಕೊಂಡು, ಕೂತು ಒಂದೊಂದೇ ಪುಟ ತಿರುಗಿಸಿದೆ. ಅಯ್ಯೋ ನನ್ನ ಮಗಳೇ! ಪ್ರತಿಯೊಬ್ಬ ಕಲಾವಿದನ ಹೆಸರಿನ ಸುತ್ತಲೂ ಕಪ್ಪು ಚೌಕಟ್ಟು! ಪುಸ್ತಕ ಜೋಡಿಸಿದ ಆ ಊರಿನವನಿಗೆ ಅದು ಚೆಂದ ಕಂಡಿರಬಹುದು, ಪಾಪ, ಅವನಿಗೇನು ಗೊತ್ತು. ಆದರೆ ಅಚ್ಚಿಗೆ ಮುಂಚೆ ನೋಡಿ ಸರಿ ಎಂದು ರುಜು ಹಾಕಿದವಳು ನೀನಲ್ಲವೇ? ನಿನ್ನ ಅಪ್ಪ ಹೋದಾಗ ಕಾರ್ಖಾನೆಯ ಪತ್ರಿಕೆಯಲ್ಲಿ ಅವರ ಹೆಸರನ್ನು ಹೀಗೇ ಕಪ್ಪು ಗೆರೆಯೊಳಗೆ ಹಾಕಿದ್ದರು. ಅದನ್ನು ನೋಡಿ ಎರಡು ದಿನ ಊಟ ಬಿಟ್ಟವಳು ನೀನು. ಎಂಟು ವರ್ಷದಲ್ಲಿ ಅದೂ ಮರೆತುಹೋಯಿತೇ? ಬದುಕಿ ಬಾಳುತ್ತಿರುವ ಹದಿನಾಲ್ಕು ಜನರಿಗೆ ಒಟ್ಟಿಗೆ ಶ್ರದ್ಧಾಂಜಲಿ ಅಚ್ಚು ಹಾಕಿಸಿದ್ದೀಯ. ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದ್ದೇನೆ. ನಿನ್ನ ಹತ್ತಿರ ಉಳಿದಿರುವ ಪುಸ್ತಕಗಳಿಗೆ ಹೊಸ ಹಾಳೆ ಹಾಕಿಸು, ಅಲ್ಲಿಯವರೆಗೆ ಯಾರ ಕೈಗೂ ಹೋಗದ ಹಾಗೆ ನೋಡಿಕೋ.

ಬೈದು ಮುಗಿಸಿದೆ. ನಿನ್ನ ಕಷ್ಟ ನನಗೆ ಗೊತ್ತಿಲ್ಲವೆಂದುಕೊಳ್ಳಬೇಡ. ಹೋಟೆಲಿನಲ್ಲಿ ತಟ್ಟೆ ತೊಳೆದು, ಇಲ್ಲಿಯವರ ಚಿತ್ರಗಳ ಫೋಟೋ ಚೀಲದಲ್ಲಿ ಹೊತ್ತು ಬಾಗಿಲು ಬಾಗಿಲು ತಟ್ಟಿದವಳು ನೀನು. ಹಳೇ ಹೂಜಿ ಇದ್ದರೆ ತನ್ನಿ, ಚೀನಾದಲ್ಲಿ ಈಗಲೂ ಕಲೆ ಇದೆಯೇ ಎಂದು ಅಲ್ಲಿಯವರು ನಕ್ಕರಂತೆ. ಇಲ್ಲಿಯವರೇನು ಕಮ್ಮಿಯೇ? ಎದುರು ಮನೆಯ ಶಿ ಅತ್ತಿಗೆ ನೀರಿನ ನಲ್ಲಿಯ ಹತ್ತಿರ ಎಲ್ಲರ ಮುಂದೆ ಕೇಳಿದಳು: "ಚಿತ್ರ ಬರೆಯೋದಿಲ್ಲ ಅಂತೀರಿ, ಮಾರೋದೂ ಇಲ್ಲ ಅಂತೀರಿ. ಮತ್ತೆ ನಿಮ್ಮ ಮಗಳು ಅಲ್ಲೇನು ಗೋಡೆಗೆ ಮೊಳೆ ಹೊಡೀತಾಳಾ?" ಹೌದು, ನಿಮ್ಮ ಮನೆಯಲ್ಲಿ ಯಾರಿಗೂ ನೆಟ್ಟಗೆ ಮೊಳೆ ಹೊಡೆಯಲು ಬರುವುದಿಲ್ಲವಲ್ಲ, ಅದಕ್ಕೇ ಕರೆಸಿಕೊಂಡಿದ್ದಾರೆ ಎಂದೆ. ಆಮೇಲೆ ಒಂದು ವಾರ ಅವಳು ನನ್ನ ಜೊತೆ ಮಾತಾಡಲಿಲ್ಲ.

ಈಗ ನಿನ್ನ ಸೋದರಮಾವನ ವಿಷಯ. ಕೂತುಕೊಂಡು ಓದು. ಪೇಲಿನ್‌ಗೆ ಇರುವುದು ಹೊಟ್ಟೆಯ ಹುಣ್ಣಲ್ಲ. ನವೆಂಬರಿನಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು ಹೇಳಿದರು. ಕ್ಯಾನ್ಸರ್. ಬೇಸಿಗೆ ದಾಟುವುದು ಕಷ್ಟ ಎಂದರು. ಎಲ್ಲರೂ ಮಾಡುವಂತೆ ನಾನೂ ಅವನಿಗೆ ಹುಣ್ಣು ಎಂದೇ ಹೇಳಿದೆ, ಔಷಧದ ಸೀಸೆಯ ಚೀಟಿಯನ್ನೂ ಕಿತ್ತು ಬೇರೆಯದು ಅಂಟಿಸಿದೆ. ನಲವತ್ತು ವರ್ಷ ಚಿತ್ರಗಳಿಗೆ ಕಾಗದ ಅಂಟಿಸಿ ಸುರುಳಿ ಕಟ್ಟಿದ ಕೈಗೆ ಅದೇನು ದೊಡ್ಡ ಕೆಲಸ. ನಿನಗೆ ಹೇಳಿದರೆ ಎಲ್ಲ ಬಿಟ್ಟು ಓಡಿ ಬರುತ್ತೀಯ ಎಂದು ನಿನಗೂ ಹೇಳಲಿಲ್ಲ. ತಪ್ಪೋ ಸರಿಯೋ, ಮಾಡಿಬಿಟ್ಟೆ.

ಅವನೋ, ಮೇ ತಿಂಗಳಿನ ನಿನ್ನ ಪ್ರದರ್ಶನದ ಮೇಲೇ ಜೀವ ಇಟ್ಟುಕೊಂಡಿದ್ದಾನೆ. ಪಾಸ್‌ಪೋರ್ಟನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆ. ಹೊಸ ಬೂಟು ಕೊಂಡು ಮನೆಯೊಳಗೇ ನಡೆದು ಪಳಗಿಸುತ್ತಿದ್ದಾನೆ. ಕೆಡವಲಿರುವ ಮನೆಗಳ ಹೊಸ್ತಿಲಿನ ಮೇಲೆ ಒದ್ದೆ ಕಾಗದ ಹಾಸಿ, ಮಸಿ ತಟ್ಟಿ ಅಚ್ಚು ತೆಗೆಯುವುದನ್ನು ಈ ಓಣಿಯಲ್ಲಿ ಯಾರು ಕಲೆ ಎಂದರು? "ಇವತ್ತು ಯಾರ ಮನೆ ಹೊಸ್ತಿಲು ಒಗೀತಿದೀಯಪ್ಪಾ?" ಎಂದೇ ಎಲ್ಲರೂ ಆಡಿಕೊಂಡರು. ಅರವತ್ತೊಂದು ಹೊಸ್ತಿಲಿನ ಅಚ್ಚುಗಳನ್ನು ದೊಡ್ಡ ಕೋಣೆಯ ತುಂಬ ನಿಲ್ಲಿಸುತ್ತೇನೆ ಎಂದವಳು ನೀನೊಬ್ಬಳೇ. ಆದರೂ ಅವನನ್ನು ಕಳಿಸಲು ನನಗೆ ಧೈರ್ಯವಿಲ್ಲ ಸುವಾನ್. ಹನ್ನೆರಡು ಗಂಟೆಯ ವಿಮಾನ. ಪರದೇಶದಲ್ಲಿ ಏನಾದರೂ ಆಗಿಬಿಟ್ಟರೆ, ಇರುವ ಒಬ್ಬ ತಮ್ಮನನ್ನು ನಾನು ಪೆಟ್ಟಿಗೆಯಲ್ಲಿ ಬರಮಾಡಿಕೊಳ್ಳಬೇಕೇ? ಬೇಡ ಎಂದರೆ ಯಾಕೆ ಎನ್ನುತ್ತಾನೆ. ಅದಕ್ಕೇ ನೀನು ಅವನಿಗೊಂದು ಕಾಗದ ಬರೆ. ವೀಸಾ ಸಿಗಲಿಲ್ಲ, ಎಷ್ಟು ಓಡಾಡಿದರೂ ಆಗಲಿಲ್ಲ ಎಂದು. ನೀನು ಹೇಳಿದರೆ ನಂಬುತ್ತಾನೆ.

ನಾಳೆ ಬೆಳಿಗ್ಗೆ ಪುಸ್ತಕ ನೋಡಲು ಬರುತ್ತಾನೆ. ಕಪ್ಪು ಗೆರೆಯೊಳಗಿನ ತನ್ನ ಹೆಸರನ್ನು ಅವನು ನೋಡಬಾರದೆಂದು ಇವತ್ತು ಮಧ್ಯಾಹ್ನವೆಲ್ಲ ಒಂದೇ ಪುಟದ ಮುಂದೆ ಕೂತಿದ್ದೆ. ನಿಮ್ಮ ಹೊಳೆಯುವ ಕಾಗದ ನೀರು ಕಂಡರೆ ಉಬ್ಬುತ್ತದೆ, ಹಾಳಾದ್ದು. ಅದಕ್ಕೇ ನೀರು ಸೋಕಿಸದೆ ಚಾಕುವಿನ ತುದಿಯಿಂದ ಗೆರೆಯನ್ನು ಕೆರೆದು ತೆಗೆದೆ. ಕೊನೆಯ ಖಾಲಿ ಹಾಳೆಯ ಮೇಲ್ಪದರ ಬಿಡಿಸಿ, ಹಳೆಯ ಗೋಧಿ ಅಂಟು ತೆಳ್ಳಗೆ ಸವರಿ, ನಾಲ್ಕೂ ಕಡೆ ತೇಪೆ ಹಾಕಿದೆ. ಬೆಳಕಿಗೆ ಹಿಡಿದು ನೋಡಿದೆ, ನನಗೇ ಕಾಣಲಿಲ್ಲ. ನಿವೃತ್ತಿಯಾಗಿ ಐದು ವರ್ಷವಾದರೂ ಕೈ ಮರೆತಿಲ್ಲ ಎಂದು ಸ್ವಲ್ಪ ಜಂಬವೂ ಬಂತು.

ಚಳಿ ಹೋಯಿತೆಂದು ಸ್ವೆಟರ್ ಬಿಚ್ಚಬೇಡ. ನಿನ್ನ ಕೆಲಸ ಗೆಲ್ಲಲಿ, ನಿನ್ನ ಹೆಸರು ಕೇಳಿ ಶಿ ಅತ್ತಿಗೆಯ ಕಿವಿ ಕಾಯಲಿ. ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಆದರೆ ಮರೆಯಲೂ ಬೇಡ.

ಇಂತಿ ನಿನ್ನ ಅಮ್ಮ,
ಲು ಪೇಜನ್

ತಾ.ಕ.: ಅಂಚೆ ಕಚೇರಿಯಲ್ಲಿ ನಿಂತುಕೊಂಡೇ ಗೀಚುತ್ತಿದ್ದೇನೆ, ಹಿಂದೆ ಸಾಲು ಬೆಳೆದಿದೆ. ವೀಸಾದ ಸುಳ್ಳು ಬರೆಯಬೇಡ. ಬೆಳಿಗ್ಗೆ ಪೇಲಿನ್ ಬಂದ. ನೂಡಲ್ಸ್ ಬಡಿಸಿ ಪುಸ್ತಕ ಕೊಟ್ಟೆ. ತನ್ನ ಪುಟ ತೆಗೆದು ಹೆಸರಿನ ಮೇಲೆ ಬೆರಳಾಡಿಸಿದ. ಮೂವತ್ತು ವರ್ಷ ಹೊಸ್ತಿಲ ಕಲ್ಲಿನ ಗೀರು ತಡವಿದ ಬೆರಳದು, ನನಗೆ ಹೊಳೆದೇ ಇರಲಿಲ್ಲ. "ಅಕ್ಕಾ, ಇಲ್ಲೇನೋ ತೇಪೆ ಹಾಕಿದೀಯ" ಎಂದ. ಹೆಸರು ತಪ್ಪಾಗಿ ಅಚ್ಚಾಗಿತ್ತು ಎಂದೆ. ಅವನು ಹಿಂದಿನ ಪುಟ ನೋಡಿದ, ಮುಂದಿನ ಪುಟ ನೋಡಿದ, ಬಿದ್ದು ಬಿದ್ದು ನಕ್ಕ. "ನಮ್ಮ ಹುಡುಗಿ ಎಲ್ಲರನ್ನೂ ಒಂದೇ ಏಟಿಗೆ ಮುಗಿಸಿಬಿಟ್ಟಿದಾಳಲ್ಲೇ!" ನಾನೂ ನಕ್ಕಿದ್ದರೆ ಆಗುತ್ತಿತ್ತು. ನಗು ಬರಲಿಲ್ಲ. ಅವನ ನಗುವೂ ನಿಂತಿತು. "ಹದಿಮೂರು ಜನರದ್ದು ಹಾಗೇ ಬಿಟ್ಟು ನನ್ನೊಬ್ಬನದನ್ನೇ ಯಾಕೆ ಕೆರೆದೆ ಅಕ್ಕಾ?" ಎಂದು ಕೇಳಿದ. ನಾನು ನೂಡಲ್ಸ್ ಬಟ್ಟಲು ಎತ್ತಲು ಹೋದೆ. "ಹುಣ್ಣಲ್ಲ, ಅಲ್ವಾ?" ಎಂದ. ನಾನು ಅತ್ತುಬಿಟ್ಟೆ. ಅವನೇ ನನಗೆ ಟವೆಲ್ ತಂದುಕೊಟ್ಟ. ಆಮೇಲೆ, "ಆ ಹೊಸ್ತಿಲನ್ನೆಲ್ಲ ಇಷ್ಟು ದಿನ ನೆಲದ ಮೇಲೆ ಬಗ್ಗಿ ಬಗ್ಗಿ ನೋಡಿದೀನಿ ಕಣಕ್ಕಾ. ಒಂದು ಸಲ ಎದುರು ನಿಂತು ನೋಡ್ಬೇಕು" ಎಂದ. ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ನಾನೂ ಜೊತೆಗೆ ಬರುತ್ತೇನೆ. ನನಗೆ ಪಾಸ್‌ಪೋರ್ಟ್ ಮಾಡಿಸಬೇಕು, ಅದಕ್ಕೂ ಇಲ್ಲಿ ಆಹ್ವಾನದ ಕಾಗದ ಬೇಕಂತೆ, ಬೇಗ ಕಳಿಸು. ಟಿಕೆಟ್ ಎರಡು ತೆಗೆಸು. ತನಗೆ ಹೋಗುವುದಕ್ಕೆ ಮಾತ್ರ ತೆಗೆದರೆ ಸಾಕು, ಬರುವುದಕ್ಕೆ ಯಾಕೆ ದಂಡ ಎನ್ನುತ್ತಿದ್ದಾನೆ. ಅವನ ಮಾತು ಕೇಳಬೇಡ, ಇಬ್ಬರಿಗೂ ವಾಪಸ್ಸಿನದೂ ತೆಗೆಸು.